ಮತ್ತೆ ಮತ್ತೆ ಆಸ್ಪತ್ರೆ, ನಡುವಿನ ಬದುಕು: ಎರಡನ್ನೂ ಒಟ್ಟಿಗೆ ಅಳೆಯುವುದು ಹೇಗೆ?

ಹೃದಯ ವೈಫಲ್ಯ ಇರುವವರು ಒಮ್ಮೆ ಆಸ್ಪತ್ರೆ ಸೇರಿ ಮನೆಗೆ ಬಂದರೆ ಅಲ್ಲಿಗೆ ಮುಗಿಯುವುದಿಲ್ಲ. ಕೆಲವು ತಿಂಗಳಿಗೆ ಮತ್ತೆ ದಾಖಲಾಗಬಹುದು. ನಡುವೆ ಮೆಟ್ಟಿಲು ಹತ್ತಲು ಆಗುತ್ತದಾ, ನಿದ್ದೆ ಬರುತ್ತದಾ ಎಂಬ ಪ್ರಶ್ನೆಗಳಿಂದ ಜೀವನ ಗುಣಮಟ್ಟದ ಅಂಕವೂ ಸಿಗುತ್ತದೆ. ದಾಖಲಾದ ದಿನಗಳನ್ನೂ ಅಂಕಗಳನ್ನೂ ಬೇರೆ ಬೇರೆ ಲೆಕ್ಕ ಹಾಕುವುದು ಸುಲಭ. ಆದರೆ ಸುಸ್ತಾದವರೇ ಜಾಸ್ತಿ ದಾಖಲಾಗುತ್ತಾರೆ, ದಾಖಲಾದವರೇ ಇನ್ನಷ್ಟು ಸುಸ್ತಾಗುತ್ತಾರೆ. ಬಿಡಿಸಿಟ್ಟರೆ ಈ ನಂಟೇ ಕಳೆದುಹೋಗುತ್ತದೆ.

1. ಮೊದಲು ಪ್ರಶ್ನೆ. ಚಿಕಿತ್ಸೆಯಿಂದ ಒಟ್ಟಾರೆ ಎಷ್ಟು ಒಳ್ಳೆಯ ಕಾಲ ಸಿಕ್ಕಿತು ಎಂದು ತಿಳಿಯಬೇಕೇ? ಇಲ್ಲವೇ ಅಂಕ ಕುಸಿದರೆ ಮುಂದಿನ ದಾಖಲಾತಿ ಬೇಗ ಬರುತ್ತದೆಯೇ ಎಂದೇ? ಎರಡಕ್ಕೂ ದಾರಿ ಬೇರೆ.

2. ಮಾಹಿತಿ ಜೋಡಿಸಿ. ಒಬ್ಬರಿಗೆ ಹಲವು ಸಾಲು. ಪ್ರತಿ ಸಾಲಿನಲ್ಲಿ ಅವಧಿಯ ಶುರು, ಕೊನೆ, ಕೊನೆಗೆ ಘಟನೆ (ದಾಖಲಾತಿ ಇಲ್ಲವೇ ಸಾವು) ಆಯಿತೋ ಇಲ್ಲವೋ.

3. ಒಳ್ಳೆಯ ಕಾಲ ಬೇಕಿದ್ದರೆ ಅವಧಿಯನ್ನು ಅಂಕದಿಂದ ಗುಣಿಸಿ. ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0. ಉದಾಹರಣೆಗೆ 24 ತಿಂಗಳಲ್ಲಿ 21 ತಿಂಗಳು 0.8ರಂತೆ, ಆಸ್ಪತ್ರೆಯ 3 ತಿಂಗಳು 0.4ರಂತೆ ಕಳೆದಿವೆ ಎನ್ನಿ. 16.8ಕ್ಕೆ 1.2 ಸೇರಿ 18. ಅಂದರೆ ಎರಡು ವರ್ಷಕ್ಕೆ ಒಂದೂವರೆ ವರ್ಷದ ತೂಕ.

ಇಲ್ಲೊಂದು ಬಲೆ ಇದೆ. ಅಧ್ಯಯನ ಮುಗಿದಾಗ ಇನ್ನೂ ಬದುಕಿರುವವರ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಗುಣಮಟ್ಟ ಕಡಿಮೆ ಇದ್ದವರು ನಿಧಾನವಾಗಿ ಕೂಡಿಸಿಕೊಳ್ಳುತ್ತಾರೆ, ಹಾಗಾಗಿ ಅವರ ಲೆಕ್ಕ ಸಣ್ಣ ಮೊತ್ತದಲ್ಲೇ ತುಂಡಾಗುತ್ತದೆ. ಈ ಮೊತ್ತವನ್ನೇ ಸಮಯವೆಂದುಕೊಂಡು ಸುಮ್ನೆ ಕಪ್ಲಾನ್–ಮೇಯರ್ ರೇಖೆ (ಸಮಯ ಕಳೆದಂತೆ ಎಷ್ಟು ಪಾಲು ಜನ ಉಳಿದಿದ್ದಾರೆಂದು ತೋರಿಸುವ ರೇಖೆ) ಎಳೆದರೆ ಉತ್ತರ ತಪ್ಪು. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ, ಅದೇ ತೊಂದರೆ! ಪೂರ್ತಿ ಮಾಹಿತಿ ಸಿಕ್ಕವರಿಗೆ, ಹಾಗೆ ಸಿಗುವ ಸಾಧ್ಯತೆ ಕಡಿಮೆ ಇದ್ದಷ್ಟೂ ಹೆಚ್ಚು ತೂಕ ಕೊಟ್ಟು ಸರಿಪಡಿಸುವ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞರಾದ ಝಾವ್ ಮತ್ತು ಸಿಯಾಟಿಸ್ 1997ರಲ್ಲಿ ಕೊಟ್ಟರು.

4. ಅಂಕಕ್ಕೂ ದಾಖಲಾತಿಗೂ ಇರುವ ನಂಟು ಬೇಕಿದ್ದರೆ ಎರಡು ಗಣಿತ ಮಾದರಿ ಕಟ್ಟಿ. ಅಂಕದ ಏರಿಳಿತಕ್ಕೆ ಮಿಶ್ರ ಪರಿಣಾಮ ಮಾದರಿ, ಅಂದರೆ ಎಲ್ಲರ ಸರಾಸರಿಯ ಜೊತೆಗೆ ಪ್ರತಿಯೊಬ್ಬರ ವ್ಯತ್ಯಾಸವನ್ನೂ ಹಿಡಿಯುವ ಮಾದರಿ. ಮತ್ತೆ ಮತ್ತೆ ಬರುವ ದಾಖಲಾತಿಗಳಿಗೆ, ಪ್ರತಿ ಸಲದ ಅಪಾಯವನ್ನೂ ಒಂದೇ ಬಗೆಯಲ್ಲಿ ನೋಡುವ 1982ರ ಆಂಡರ್ಸನ್–ಗಿಲ್ ಮಾದರಿ. ಎರಡನೇ ದಾಖಲಾತಿಯ ಅಪಾಯ ಮೊದಲನೆಯದಕ್ಕಿಂತ ಬೇರೆ ಅನ್ನಿಸಿದರೆ, ಘಟನೆಯ ಸರದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರೆಂಟಿಸ್–ವಿಲಿಯಮ್ಸ್–ಪೀಟರ್ಸನ್ ಮಾದರಿ ವಾಸಿ. ಬಳಿಕ ಎರಡಕ್ಕೂ ಒಂದೇ ಕೊಂಡಿ ಹಾಕಿ: ಪ್ರತಿ ರೋಗಿಗೂ ಕಣ್ಣಿಗೆ ಕಾಣದ, ಅವರದೇ ಆದ ಒಂದು ದುರ್ಬಲತೆಯ ಮಟ್ಟ ಇದೆ, ಅದೇ ಅಂಕವನ್ನೂ ಘಟನೆಯ ವೇಗವನ್ನೂ ಎಳೆಯುತ್ತದೆ ಎಂದುಕೊಳ್ಳುವುದು. ಇದಕ್ಕೆ ಜಂಟಿ ಮಾದರಿ ಎನ್ನುತ್ತಾರೆ.

5. ಸಾವನ್ನು ಮರೆಯಬೇಡಿ. ಬೇಗ ತೀರಿಕೊಂಡವರ ದಾಖಲಾತಿಗಳು ಕಡಿಮೆಯೇ ಇರುತ್ತವೆ, ಅಲ್ವಾ? ಸುಮ್ನೆ ಎಣಿಸಿದರೆ ಸಾವು ತರುವ ಚಿಕಿತ್ಸೆಯೇ ಒಳ್ಳೆಯದೆಂದು ಕಂಡೀತು. ಆದ್ದರಿಂದ ಸಾವಿಗೆ ಮೂರನೇ ಮಾದರಿ ಸೇರಿಸಿ. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ (R) ತಂತ್ರಾಂಶದ ಫ್ರೇಲ್ಟಿಪ್ಯಾಕ್ (frailtypack) ಎಂಬ ಪ್ಯಾಕೇಜ್‌ನಲ್ಲಿ ಮೂರನ್ನೂ ಒಟ್ಟಿಗೆ ಹೊಂದಿಸಬಹುದು. ರೋಗಿಗಳು ಕಡಿಮೆ ಇದ್ದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲದೇ ಹೋಗಬಹುದು. ಆಗ ಮಾದರಿಯನ್ನು ಸರಳ ಮಾಡಿ.

6. ಅಲುಗಾಡಿಸಿ ನೋಡಿ. ಮೇಲಿನ 0.4ನ್ನು 0.3 ಮಾಡಿದರೆ 17.7, 0.5 ಮಾಡಿದರೆ 18.3. ಇಷ್ಟರಲ್ಲೇ ಎರಡು ಚಿಕಿತ್ಸೆಗಳ ಹಿಂದು ಮುಂದು ಬದಲಾದರೆ, ವರದಿಯಲ್ಲಿ ಮೂರೂ ಅಂಕಿಗಳನ್ನು ಕೊಡಿ.