ಬಿಪಿ ರೋಗಿಗಳಲ್ಲಿ ಸಕ್ಕರೆ ಕಾಯಿಲೆಯ ಮುನ್ಸೂಚನೆ ಹುಡುಕುವ ನನ್ನ ಕ್ರಮ

ಬೆಂಗಳೂರಿನ ವಿಜಯನಗರದಲ್ಲಿ ಕುಟುಂಬ ವೈದ್ಯನಾಗಿರುವ ನಾನು, ಬಿಪಿ ಮಾತ್ರೆ ಬರೆಸಿಕೊಳ್ಳಲು ಬರುವವರಲ್ಲಿ ಸಕ್ಕರೆ ಕಾಯಿಲೆಯ ಸುಳಿವನ್ನೂ ಹುಡುಕುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಹೃದಯಕ್ಕೆ ಕುತ್ತು ತರುವ ಹೊಟ್ಟೆಯ ಬೊಜ್ಜು, ಏರಿದ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ತಗ್ಗಿದ ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟರಾಲ್ ಇವು ಬಹುಮಟ್ಟಿಗೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಸ್ಥಿತಿಯೊಂದಿಗೆ ಹೆಣೆದುಕೊಂಡಿರುವುದರಿಂದ, ಒಂದು ಕಂಡಾಗ ಉಳಿದವನ್ನು ಅಳೆಯದೆ ಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಟೇಪು ಹಿಡಿಯುತ್ತೇನೆ. ಕೈಕಾಲು ಸಣ್ಣಗಿದ್ದು ಹೊಟ್ಟೆಯಷ್ಟೇ ಮುಂದೆ ಬಂದಿರುವ ಮೈಕಟ್ಟು ನಮ್ಮವರಲ್ಲಿ ತೀರ ಸಾಮಾನ್ಯವಾದ್ದರಿಂದ ತೂಕದ ಯಂತ್ರವೊಂದನ್ನೇ ನಂಬಲಾಗದು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ, “ನಾನೇನು ದಪ್ಪ ಇಲ್ವಲ್ಲ ಡಾಕ್ಟ್ರೇ” ಎನ್ನುವವರಿಗೂ ರಕ್ತಪರೀಕ್ಷೆ ಬರೆಯುತ್ತೇನೆ.

ಖಾಲಿ ಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ, ಅಥವಾ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಶೇಕಡಾ 5.7ರಿಂದ 6.4 ಇದ್ದರೆ ಅದು ಮಧುಮೇಹದ ಹಿಂದಿನ ಹಂತ. ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಿರುವ ಹೆಣ್ಣುಮಕ್ಕಳಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು. ಇನ್ನು ಕೆಲವರಲ್ಲಿ ಬೆಳಗಿನ ಸಕ್ಕರೆ ಸರಿಯಾಗಿದ್ದು ಊಟದ ನಂತರದ್ದು ಮಾತ್ರ ಏರಿರುತ್ತದೆ. ಅಂಥವರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ರಕ್ತ ತೆಗೆಸುತ್ತೇನೆ. ಆಗ 140 ಮುಟ್ಟಿದರೆ ಎಚ್ಚರ ಬೇಕು. 200 ಮುಟ್ಟಿದರೆ ಮಧುಮೇಹವೆಂದೇ ತಿಳಿದು, ಲಕ್ಷಣಗಳಿಲ್ಲದವರಲ್ಲಿ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತೇನೆ.

ಮಧುಮೇಹದ ಹಿಂದಿನ ಹಂತದಲ್ಲಿರುವವರಿಗೆ ಮಾತ್ರೆಗಿಂತ ನಡಿಗೆ ಮತ್ತು ತಟ್ಟೆಯ ವಿಚಾರಕ್ಕೇ ನಾನು ಹೆಚ್ಚು ಹೊತ್ತು ಕೊಡುತ್ತೇನೆ. 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಜೀವನಶೈಲಿಯ ಬದಲಾವಣೆಯೊಂದೇ ಮಧುಮೇಹಕ್ಕೆ ಜಾರುವ ಅಪಾಯವನ್ನು ಸುಮಾರು ಶೇಕಡಾ 28ರಷ್ಟು ತಗ್ಗಿಸಿತ್ತು, ಅದರ ಜೊತೆಗೆ ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟಾಗ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅನ್ನವನ್ನೋ ಮುದ್ದೆಯನ್ನೋ ಬಿಡಿರೆಂದು ನಾನು ಹೇಳುವುದಿಲ್ಲ; ಅದರ ಪ್ರಮಾಣ ಇಳಿಸಿ, ಕಾಳು, ಸೊಪ್ಪು, ತರಕಾರಿ ಹೆಚ್ಚಿಸಿ, ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ ಎನ್ನುತ್ತೇನೆ.

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಸಕ್ಕರೆ ಕಾಯಿಲೆ ಬರುತ್ತದೆಂದು ಕೇಳಿ ಅದನ್ನು ತಾವೇ ನಿಲ್ಲಿಸುವವರ ಬಗ್ಗೆ ನನಗೆ ನಿಜವಾದ ಆತಂಕವಿದೆ. ಮಧುಮೇಹದ ಸಾಧ್ಯತೆಯನ್ನು ಅದು ತುಸು ಹೆಚ್ಚಿಸುವುದು ನಿಜವಾದರೂ, ಹೃದಯಾಘಾತದ ಅಪಾಯ ಹೆಚ್ಚಿರುವವರಲ್ಲಿ ಅದರ ರಕ್ಷಣೆ ಆ ಹಾನಿಯನ್ನು ಬಹಳವಾಗಿ ಮೀರುತ್ತದೆ. ಅಂಥವರಿಗೆ ಮಾತ್ರೆ ಮುಂದುವರಿಸಿ, ವರ್ಷಕ್ಕೊಮ್ಮೆ ಎಚ್‌ಬಿಎ1ಸಿ ಮಾಡಿಸುತ್ತೇನೆ.