ಲ್ಯಾಪ್‌ಟಾಪಿನ ಹಾಡು ಮನೆಯ ಸ್ಟೀರಿಯೋದಲ್ಲಿ ಚೆನ್ನಾಗಿ ಕೇಳಬೇಕಾ? ಖರ್ಚಿಗೆ ಮೊದಲು ಇಷ್ಟು ಮಾಡಿ

ಮನೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್ ಇದೆ, ಒಂದು ಜೊತೆ ಸ್ಪೀಕರ್ ಇದೆ, ಆದರೆ ಹಾಡೆಲ್ಲ ಇರುವುದು ಲ್ಯಾಪ್‌ಟಾಪಿನಲ್ಲಿ. ಈಗ ಬಹಳ ಮನೆಗಳಲ್ಲಿ ಹೀಗೇ ಅಲ್ವಾ? ಎರಡಕ್ಕೂ ಒಂದು ವೈರ್ ಸಿಕ್ಕಿಸಿದರೆ ಸದ್ದೇನೋ ಬರುತ್ತದೆ. ಆದರೆ ಹಿಂದೆ ಗುಂಯ್ ಅನ್ನುವ ಶಬ್ದ, ದನಿ ಮಂಕು, ತಬಲಾದ ಡಗ್ಗಾ ಕೇಳಿದರೆ ಖಾಲಿ ಡಬ್ಬಾ ಬಡಿದ ಹಾಗೆ. ಈ ಹಂತದಲ್ಲಿ ತುಂಬಾ ಜನ ದುಬಾರಿ ಕೇಬಲ್ಲಿಗೋ ಹೊಸ ಡ್ಯಾಕಿಗೋ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಡಬ್ಬಿ) ದುಡ್ಡು ಸುರಿಯುತ್ತಾರೆ. ಸ್ವಲ್ಪ ತಡೆಯಿರಿ. ಸದ್ದು ಕೆಡುವುದು ಹೆಚ್ಚಾಗಿ ಲ್ಯಾಪ್‌ಟಾಪಿನ ಸೆಟ್ಟಿಂಗ್‌ನಲ್ಲಿ, ಅರ್ಥಿಂಗ್‌ನಲ್ಲಿ, ಇಲ್ಲವೇ ಸ್ಪೀಕರ್ ಇಟ್ಟಿರುವ ಕೋಣೆಯಲ್ಲಿ. ಇವನ್ನು ಸರಿಮಾಡಲು ಹೆಚ್ಚುಕಡಿಮೆ ಖರ್ಚೇ ಇಲ್ಲ.

ಮೊದಲು ವೈರ್ ವಿಷಯ ಮುಗಿಸೋಣ. ಲ್ಯಾಪ್‌ಟಾಪಿನ 3.5 ಎಂಎಂ ಹೆಡ್‌ಫೋನ್ ಸಾಕೆಟ್‌ನಿಂದ ಆಂಪ್ಲಿಫೈಯರ್ ಹಿಂದಿರುವ ಕೆಂಪು-ಬಿಳಿ ಆರ್‌ಸಿಎ ಸಾಕೆಟ್‌ಗಳಿಗೆ ಹೋಗುವ ಸಾಧಾರಣ ಕೇಬಲ್ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಸಿಗುತ್ತದೆ, ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಪಿನ್ ಗಟ್ಟಿಯಾಗಿ ಕೂರಬೇಕು, ಉದ್ದ ಬೇಕಾದಷ್ಟೇ ಇರಬೇಕು, ಅಷ್ಟೇ. ಆಂಪ್ಲಿಫೈಯರ್‌ನಲ್ಲಿ ಆಕ್ಸ್, ಸಿಡಿ, ಟ್ಯೂನರ್, ಟೇಪ್ ಇನ್ ಯಾವುದಕ್ಕೆ ಬೇಕಾದರೂ ಹಾಕಬಹುದು. ಫೋನೋ ಅಂತ ಬರೆದಿರುವುದಕ್ಕೆ ಮಾತ್ರ ಬೇಡ. ಅದು ರೆಕಾರ್ಡ್ ಪ್ಲೇಯರಿನಿಂದ ಬರುವ ಕೆಲವೇ ಮಿಲಿವೋಲ್ಟ್ ಸಿಗ್ನಲ್ಲಿಗಾಗಿ ಮಾಡಿದ್ದು, ಜೊತೆಗೆ ಬಾಸ್ ಏರಿಸಿ ಟ್ರೆಬಲ್ ಇಳಿಸುವ ಸರ್ಕ್ಯೂಟ್ ಬೇರೆ ಅದರಲ್ಲಿ ಇರುತ್ತದೆ; ಲ್ಯಾಪ್‌ಟಾಪ್ ಹಾಕಿದರೆ ಸದ್ದು ಒಡೆದುಹೋಗುತ್ತದೆ.

ಒಂದು ವಿಚಿತ್ರ ತೊಂದರೆ ಆಗಾಗ ಕಾಣುತ್ತದೆ. ವಾದ್ಯಗಳೆಲ್ಲ ಕೇಳುತ್ತವೆ, ಹಾಡುವವರ ದನಿ ಮಾತ್ರ ಮಾಯ. ಪ್ಲೇಯರ್ ಕೆಟ್ಟಿದೆ ಅಂತ ಗಾಬರಿ ಬೇಡ, ಪಿನ್ ಪೂರ್ತಿ ಒಳಗೆ ಹೋಗಿರುವುದಿಲ್ಲ. ಗ್ರೌಂಡ್, ಅಂದರೆ ಎರಡೂ ಚಾನೆಲ್‌ಗಳಿಗೆ ಸೇರಿ ಇರುವ ವಾಪಸ್ ದಾರಿ, ತಾಗದೇ ಇದ್ದಾಗ ಎಡ-ಬಲ ಚಾನೆಲ್‌ಗಳ ನಡುವಿನ ವ್ಯತ್ಯಾಸ ಮಾತ್ರ ಸ್ಪೀಕರಿಗೆ ಹೋಗುತ್ತದೆ, ಎರಡರಲ್ಲೂ ಸಮನಾಗಿರುವ ದನಿ ಅಳಿಸಿಹೋಗುತ್ತದೆ. ಪಿನ್ ಒತ್ತಿ ಕೂರಿಸಿ.

ಈಗ ವಾಲ್ಯೂಮ್. ಬ್ರೌಸರಿನಲ್ಲಿ ಹಾಡು ಹಾಕಿದರೆ ಅದರದ್ದೇ ಒಂದು ವಾಲ್ಯೂಮ್, ವಿಂಡೋಸಿನದ್ದು ಇನ್ನೊಂದು, ಆಂಪ್ಲಿಫೈಯರಿನದ್ದು ಮತ್ತೊಂದು. ಮೊದಲ ಎರಡನ್ನೂ ಪೂರ್ತಿ ಏರಿಸಿ, ಸದ್ದು ಹೆಚ್ಚು-ಕಡಿಮೆ ಮಾಡುವುದನ್ನು ಆಂಪ್ಲಿಫೈಯರಿನಲ್ಲೇ ಇಟ್ಟುಕೊಳ್ಳಿ. ಸಿಡಿ ಪ್ಲೇಯರ್ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತದೆ, ಲ್ಯಾಪ್‌ಟಾಪಿನ ಹೆಡ್‌ಫೋನ್ ಸಾಕೆಟ್ 1 ವೋಲ್ಟಿನ ಆಸುಪಾಸು. ಅದನ್ನೂ 30ಕ್ಕೆ ಇಳಿಸಿ ಇಟ್ಟರೆ ಆಂಪ್ಲಿಫೈಯರನ್ನು ಜಾಸ್ತಿ ತಿರುಗಿಸಬೇಕಾಗುತ್ತದೆ, ಹಾಡಿನ ಜೊತೆ ಲ್ಯಾಪ್‌ಟಾಪಿನ ಸುಯ್ ಅನ್ನುವ ಸದ್ದೂ ಮೇಲೆ ಬರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಪೂರ್ತಿ ಏರಿಸಿದರೆ ಸ್ವಲ್ಪ ಒಡೆಯುತ್ತದೆ, ಅಂಥದ್ದಕ್ಕೆ 90 ಇಡಿ. ನೋಟಿಫಿಕೇಶನ್ ಸದ್ದನ್ನು ಮರೆಯದೆ ಆಫ್ ಮಾಡಿ. ವಿಳಂಬಿತ್‌ನಲ್ಲಿ ಆಲಾಪ ನಡೆಯುತ್ತಿರುವಾಗ ದೊಡ್ಡ ಸ್ಪೀಕರಿನಲ್ಲಿ ಮೇಲ್ ಬಂದ ಸದ್ದು ಯಾರಿಗೂ ಬೇಡ.

ಹಳೆಯ ಆಂಪ್ಲಿಫೈಯರ್ ಆಗಿದ್ದು ನಾಬ್ ತಿರುಗಿಸಿದಾಗ ಕರಕರ ಅಂದರೆ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ನಾಬಿನ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಈ ತುದಿಯಿಂದ ಆ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿ. ಹೆಚ್ಚಾಗಿ ಇಷ್ಟಕ್ಕೇ ಸರಿಹೋಗುತ್ತದೆ.

ಗುಂಯ್ ಶಬ್ದದ ವಿಷಯಕ್ಕೆ ಬರೋಣ. ಇದನ್ನು ಕಂಡುಹಿಡಿಯುವುದು ಸುಲಭ: ಹಾಡು ನಿಲ್ಲಿಸಿ, ಆಂಪ್ಲಿಫೈಯರ್ ಸ್ವಲ್ಪ ಏರಿಸಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಶಬ್ದ ತಟ್ಟನೆ ನಿಂತರೆ ಅದು ಗ್ರೌಂಡ್ ಲೂಪ್. ಚಾರ್ಜರಿನ ಅರ್ಥ್ ಒಂದು ದಾರಿ, ಆಂಪ್ಲಿಫೈಯರಿನ ಅರ್ಥ್ ಇನ್ನೊಂದು ದಾರಿ, ನಡುವೆ ನಿಮ್ಮ ಆಡಿಯೋ ಕೇಬಲ್. ಇವೆಲ್ಲ ಸೇರಿ ಒಂದು ಸುತ್ತು ಆಗುತ್ತದೆ. ಅದರಲ್ಲಿ ನಮ್ಮ ಕರೆಂಟಿನ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು 100 ಹರ್ಟ್ಸ್ ಹರಿದು ಸ್ಪೀಕರಿನಲ್ಲಿ ಕೇಳುತ್ತದೆ. ಮೊದಲು ಚಾರ್ಜರನ್ನೂ ಆಂಪ್ಲಿಫೈಯರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಟಿವಿಯ ಕೇಬಲ್ ವೈರ್ ಆಂಪ್ಲಿಫೈಯರಿನ ಜೊತೆ ಎಲ್ಲಾದರೂ ಸೇರಿದ್ದರೆ ಅದನ್ನೂ ಒಂದು ಸಲ ಕಿತ್ತು ನೋಡಿ, ಎಷ್ಟೋ ಮನೆಗಳಲ್ಲಿ ಅದೇ ಕಳ್ಳ. ಆಗಲೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ತೀರಾ ಅಗ್ಗದ್ದು ತಂದರೆ ಬಾಸ್ ಸ್ವಲ್ಪ ತಿನ್ನುತ್ತದೆ. ಒಂದು ಕೆಲಸ ಮಾತ್ರ ಮಾಡಲೇಬೇಡಿ: ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು. ಶಬ್ದ ಹೋಗಬಹುದು, ಆದರೆ ಆ ಪಿನ್ ಇರುವುದು ನಿಮ್ಮ ಜೀವ ಉಳಿಸಲು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರೇ ಇಲ್ಲದಿರುವುದುಂಟು, ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ.

ಗುಂಯ್ ಅಲ್ಲ, ಮೌಸ್ ಅಲ್ಲಾಡಿಸಿದಾಗ, ಪುಟ ಸರಿಸಿದಾಗ ಕಿರಕಿರ ಅನ್ನುತ್ತದೆ ಅಂದರೆ ಅದು ಲ್ಯಾಪ್‌ಟಾಪಿನ ಒಳಗಿನ ಗಲಾಟೆ. ಡ್ಯಾಕ್ ಕೊಳ್ಳಲು ಇದು ಸರಿಯಾದ ಕಾರಣ. ಯುಎಸ್‌ಬಿಗೆ ಹಾಕುವ ಸಾಧಾರಣ ಡ್ಯಾಕ್ ಸಾಕು. ಆಪಲ್‌ನ ಟೈಪ್-ಸಿ ಹೆಡ್‌ಫೋನ್ ಡಾಂಗಲ್ ಕೂಡ ಒಳಗೆ ಒಂದು ಡ್ಯಾಕೇ, ಆ ಗಾತ್ರಕ್ಕೆ ತುಂಬಾ ಶುದ್ಧವಾಗಿ ಕೆಲಸ ಮಾಡುತ್ತದೆ. ಆಂಪ್ಲಿಫೈಯರಿಗೆ ಆಪ್ಟಿಕಲ್ ಇನ್‌ಪುಟ್ ಇದ್ದರೆ ಆಪ್ಟಿಕಲ್ ಔಟ್ ಇರುವ ಡಬ್ಬಿ ನೋಡಿ. ಆ ವೈರಿನಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ, ಹಾಗಾಗಿ ಆ ದಾರಿಯಲ್ಲಿ ಗ್ರೌಂಡ್ ಲೂಪ್ ಆಗುವುದಿಲ್ಲ. ಗಲಾಟೆಯೇ ಇಲ್ಲದಿದ್ದರೆ ಡ್ಯಾಕ್ ಖರ್ಚನ್ನು ಪಕ್ಕಕ್ಕಿಡಿ.

ವಿಂಡೋಸಿನ ಸೌಂಡ್ ಸೆಟ್ಟಿಂಗಿಗೆ ಹೋಗಿ, ನಿಮ್ಮ ಔಟ್‌ಪುಟ್ ಡಿವೈಸ್ ತೆರೆದು, ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಸ್ಪೇಶಿಯಲ್ ಸೌಂಡ್ ಕೂಡ ಆಫ್. ಲ್ಯಾಪ್‌ಟಾಪ್ ಜೊತೆ ಬರುವ ಡಾಲ್ಬಿ ಥರದ ಆ್ಯಪುಗಳಿದ್ದರೆ ಅವನ್ನೂ ನಿಲ್ಲಿಸಿ. ಅವೆಲ್ಲ ಪುಟ್ಟ ಲ್ಯಾಪ್‌ಟಾಪ್ ಸ್ಪೀಕರಿನ ಕೊರತೆ ಮುಚ್ಚಲು ಮಾಡಿದವು. ದೊಡ್ಡ ಸ್ಪೀಕರಿಗೆ ಅದೇ ಸದ್ದು ಹೋದರೆ ಬಾಸ್ ಉಬ್ಬುತ್ತದೆ, ದನಿ ಮೂಗಿನಿಂದ ಬಂದ ಹಾಗಾಗುತ್ತದೆ. ಬಹಳ ಸಲ ಇಡೀ ತೊಂದರೆ ಇದೊಂದೇ ಆಗಿರುತ್ತದೆ. ಅಲ್ಲೇ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಅನ್ನುವ ಸಂಖ್ಯೆ ಕಾಣುತ್ತದೆ. ಸಿಡಿಯಿಂದ ತೆಗೆದ ಹಾಡು ಜಾಸ್ತಿ ಇದ್ದರೆ 44,100 ಇಡಿ, ಯೂಟ್ಯೂಬ್, ಸಿನಿಮಾ ಜಾಸ್ತಿ ಅಂದರೆ 48,000. ಎರಡರ ನಡುವೆ ಕಿವಿಗೆ ತಿಳಿಯುವ ವ್ಯತ್ಯಾಸ ತೀರಾ ಕಡಿಮೆ, ಇದಕ್ಕೆ ನಿದ್ದೆಗೆಡಬೇಡಿ. ಫೂಬಾರ್2000 ಅನ್ನುವ ಮ್ಯೂಸಿಕ್ ಪ್ಲೇಯರ್ ಬಳಸುವವರು ಔಟ್‌ಪುಟ್ ಪಟ್ಟಿಯಲ್ಲಿ ಎಕ್ಸ್‌ಕ್ಲೂಸಿವ್ ಅಂತ ಇರುವುದನ್ನು ಆರಿಸಿದರೆ ವಿಂಡೋಸ್ ಮಧ್ಯೆ ಕೈ ಹಾಕುವುದಿಲ್ಲ, ಬೇರೆ ಆ್ಯಪುಗಳ ಸದ್ದೂ ಒಳಗೆ ಬರುವುದಿಲ್ಲ. ಮ್ಯಾಕ್ ಇದ್ದರೆ ರೇಟ್ ಬದಲಿಸುವುದು ಆಡಿಯೋ ಮಿಡಿ ಸೆಟಪ್‌ನಲ್ಲಿ.

ಫೈಲುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಿಡಿ ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್, ಮನುಷ್ಯರ ಕಿವಿಗೆ ಕೇಳುವಷ್ಟು ಅದರಲ್ಲೇ ಇದೆ. 192 ಕಿಲೋಹರ್ಟ್ಸ್ ಫೈಲುಗಳಿಗಾಗಿ ಒದ್ದಾಡುವುದು ಬೇಡ. ಮನೆಯಲ್ಲಿ ಸಿಡಿಗಳಿದ್ದರೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಸಾಫ್ಟ್‌ವೇರ್ ಬಳಸಿ ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಆಗಿ ತೆಗೆದಿಡಿ, ಏನೂ ಕಳೆಯದೆ ಜಾಗ ಅರ್ಧಕ್ಕೆ ಹತ್ತಿರ ಉಳಿಯುತ್ತದೆ. 320 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಎಂಪಿ3 ಚೆನ್ನಾಗಿಯೇ ಇರುತ್ತದೆ. ಆದರೆ ಹಳೆಯ 128ರ ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಸುಮ್ನೆ ಡಿಸ್ಕ್ ತುಂಬುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಬ್ಲೂಟೂತ್ ಅಡುಗೆ ಮಾಡುತ್ತಾ ಕೇಳಲು ಸರಿ, ಕೂತು ಕೇಳುವುದಕ್ಕೆ ವೈರೇ ಇರಲಿ.

ಇನ್ನು ಕೋಣೆ. ಬೇರೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇಲ್ಲೇ, ಯಾರೂ ಕೈ ಹಾಕದಿರುವುದೂ ಇಲ್ಲೇ. ನಮ್ಮ ಮನೆಗಳಲ್ಲಿ ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲ, ಬರಿ ಗೋಡೆ, ಕಾಂಕ್ರೀಟ್ ಸೀಲಿಂಗ್. ಸ್ಪೀಕರ್ ಇಟ್ಟಿರುವುದು ಶೋಕೇಸಿನ ಮೇಲೆ, ಒಂದು ಟಿವಿ ಪಕ್ಕ, ಇನ್ನೊಂದು ಜಾಗ ಸಿಕ್ಕಲ್ಲಿ. ಕೂರುವ ಜಾಗದಲ್ಲಿ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ ಝಣ್ ಅಂತ ಬಾಲದ ಹಾಗೆ ಸದ್ದು ಉಳಿದರೆ, ಹಾಡಿನ ಪ್ರತಿ ಅಕ್ಷರದ ಹಿಂದೆಯೂ ಆ ಬಾಲ ಇರುತ್ತದೆ. ನಿಮ್ಮ ಮತ್ತು ಸ್ಪೀಕರಿನ ನಡುವಿನ ನೆಲಕ್ಕೆ ದಪ್ಪ ಜಮಖಾನ ಹಾಸಿ. ಕಿಟಕಿಗೆ ದಪ್ಪ ಪರದೆ ಹಾಕಿ. ಪುಸ್ತಕದ ಕಪಾಟು ಇದ್ದರೆ ಸ್ಪೀಕರಿನ ಎದುರು ಗೋಡೆಗೆ ತನ್ನಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ, ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ.

ಸ್ಪೀಕರುಗಳ ನಡುವಿನ ದೂರ ಎಷ್ಟೋ, ನಿಮಗೂ ಒಂದೊಂದಕ್ಕೂ ದೂರ ಸುಮಾರು ಅಷ್ಟೇ ಇರಲಿ. ಮೇಲಿನ ಚಿಕ್ಕ ಟ್ವೀಟರ್ ಕೂತಾಗ ಕಿವಿಯ ಎತ್ತರಕ್ಕೆ ಬರಲಿ. ಗೋಡೆಯಿಂದ ಒಂದೊಂದೂವರೆ ಅಡಿ ಮುಂದೆ ಎಳೆಯಿರಿ, ಮೂಲೆಯಲ್ಲಂತೂ ಇಡಬೇಡಿ.

ಆಮೇಲೆ ಈ ಪರೀಕ್ಷೆ ಮಾಡಿ. ವಿಂಡೋಸಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೋ ಆಡಿಯೋ ಆನ್ ಮಾಡಿ, ಒಂದು ಗಾಯನ ಹಾಕಿ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್ ಇದಕ್ಕೆ ತುಂಬಾ ಚೆನ್ನ. ಕಣ್ಣು ಮುಚ್ಚಿ ಕೂತರೆ ದನಿ ಎರಡು ಸ್ಪೀಕರುಗಳ ನಟ್ಟನಡುವೆ, ಸ್ಪೀಕರೇ ಇಲ್ಲದ ಜಾಗದಿಂದ ಬರಬೇಕು, ಬೆರಳಿಟ್ಟು ತೋರಿಸುವಷ್ಟು ಖಚಿತವಾಗಿ. ಬದಲಿಗೆ ದನಿ ಎಲ್ಲ ಕಡೆ ಹರಡಿಕೊಂಡು, ಬಾಸ್ ತೆಳ್ಳಗಾಗಿದ್ದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ವೈರ್ ಅದಲುಬದಲಾಗಿದೆ. ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗಿ ಬಾಸ್ ಪರಸ್ಪರ ಕಳೆದುಹೋಗುತ್ತಿದೆ. ಆಂಪ್ಲಿಫೈಯರ್ ಆಫ್ ಮಾಡಿ, ಒಂದೇ ಸ್ಪೀಕರಿನ ವೈರ್ ಬದಲಿಸಿ. ಬಿಡಿ ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗದಂತೆ ಹುಷಾರು, ಅದು ಆಂಪ್ಲಿಫೈಯರನ್ನೇ ಸುಡಬಹುದು. ವೈರ್ ಬೇಕಾದರೆ ಮನೆ ವೈರಿಂಗಿಗೆ ಬಳಸುವ 1.5 ಚದರ ಎಂಎಂ ತಾಮ್ರದ ಮಲ್ಟಿಸ್ಟ್ರ್ಯಾಂಡ್ ವೈರೇ ಸಾಕು. 5 ಮೀಟರ್ ಎಳೆದರೂ ಹೋಗಿ-ಬರುವ ರೆಸಿಸ್ಟೆನ್ಸ್ ಸುಮಾರು 0.13 ಓಮ್, ಎದುರಿಗೆ ಸ್ಪೀಕರ್ 8 ಓಮ್. ಪರೀಕ್ಷೆ ಮುಗಿದ ಮೇಲೆ ಮೋನೋ ಆಫ್ ಮಾಡುವುದನ್ನು ಮರೆಯಬೇಡಿ.

ಆಮೇಲೂ ಒಂದೊಂದು ಬಾಸ್ ಸ್ವರ ಮಾತ್ರ ಗುಮ್ಮೆನ್ನುತ್ತಿದ್ದರೆ ಅದು ಕೋಣೆಯ ಅಳತೆಯ ಕೆಲಸ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅದನ್ನು ಮೀಟರಿನಲ್ಲಿ ಅಳೆದ ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಗುಮ್ಮೆನ್ನುವ ಸ್ವರ ಎಷ್ಟು ಹರ್ಟ್ಸ್ ಅಂತ ಸಿಗುತ್ತದೆ. 12 ಅಡಿಯ ಕೋಣೆಗೆ 47 ಹರ್ಟ್ಸ್, 10 ಅಡಿಯದಕ್ಕೆ 56 ಹರ್ಟ್ಸ್. ಆ ಸ್ವರ ಗೋಡೆಯ ಹತ್ತಿರ ಅತಿ ಜೋರು, ಹಾಗಾಗಿ ಸೋಫಾ ಹಿಂದಿನ ಗೋಡೆಗೆ ಒತ್ತಿಕೊಂಡಿದ್ದರೆ ಒಂದೆರಡು ಅಡಿ ಮುಂದೆ ತನ್ನಿ. ಸೋಫಾ ಸರಿಸಲು ಜಾಗವೇ ಇಲ್ಲದ ಮನೆಗಳೂ ಇವೆ. ಅಂಥ ಕಡೆ ಈಕ್ವಲೈಜರ್ ಎಪಿಒ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ, ಆ ಸಂಖ್ಯೆಯ ಆಸುಪಾಸಿನಲ್ಲಿ ಮಾತ್ರ 4ರಿಂದ 6 ಡೆಸಿಬೆಲ್ ಇಳಿಸಿ. ಇಳಿಸುವುದು ಕೆಲಸ ಮಾಡುತ್ತದೆ. ಕೇಳದೇ ಇರುವ ಸ್ವರವನ್ನು ಏರಿಸಲು ಹೋಗಬೇಡಿ, ಕೋಣೆ ಅದನ್ನು ನುಂಗಿಬಿಡುತ್ತದೆ, ಸ್ಪೀಕರಿಗೆ ಮಾತ್ರ ಪೆಟ್ಟು. ಎಕ್ಸ್‌ಕ್ಲೂಸಿವ್ ಮೋಡ್ ಇದ್ದಾಗ ಈ ಈಕ್ವಲೈಜರ್ ಕೆಲಸ ಮಾಡುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಬಾಸ್ ಗುಮ್ಮೆನ್ನುವ ಕೋಣೆಯಲ್ಲಿ ನಾನಾದರೆ ಈಕ್ವಲೈಜರನ್ನೇ ಆರಿಸುತ್ತೇನೆ.