ಕೊಡಗಿನಿಂದ ಮೈಸೂರಿಗೆ ಕೊಲೊನೋಸ್ಕೋಪಿಗೆ ಹೋಗುವವರು ಔಷಧಿ ಕುಡಿಯುವ ಹೊತ್ತು ಹೊಂದಿಸಿಕೊಳ್ಳುವ ಬಗೆ

ಕೊಲೊನೋಸ್ಕೋಪಿ ಎಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಒಳಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ. ದಿನಾಂಕ ಸಿಕ್ಕ ಕೂಡಲೇ ಕೇಳಬೇಕಾದದ್ದು ಪರೀಕ್ಷೆ ಎಷ್ಟು ಗಂಟೆಗೆ ಎಂದು. ಕರುಳು ಖಾಲಿಮಾಡಲು ಕುಡಿಯುವ ಭೇದಿ ಔಷಧಿಯ ಲೆಕ್ಕವನ್ನೆಲ್ಲ ಆ ಗಂಟೆಯಿಂದ ಹಿಂದಕ್ಕೆ ಎಣಿಸಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮೂರು ಗಂಟೆ ದಾರಿ. ಎಡವಟ್ಟಾಗುವುದು ಇಲ್ಲೇ.

ಅಷ್ಟೂ ಔಷಧಿಯನ್ನು ಹಿಂದಿನ ಸಂಜೆಯೇ ಮುಗಿಸಿ ಬೆಳಿಗ್ಗೆ ನಿರಾಳವಾಗಿ ಹೊರಡೋಣ ಅನಿಸುವುದು ಸಹಜ. ಹಾಗೆ ಮಾಡಬೇಡಿ. ರಾತ್ರಿಯಿಡೀ ಸಣ್ಣ ಕರುಳಿನಿಂದ ಪಿತ್ತ ಬೆರೆತ ಲೋಳೆ ಇಳಿದು ದೊಡ್ಡ ಕರುಳಿನ ಬಲಭಾಗಕ್ಕೆ ಅಂಟುತ್ತದೆ. ಕಣ್ತಪ್ಪುವ ಚಪ್ಪಟೆ ಗಂಟುಗಳು (ಪಾಲಿಪ್) ಹೆಚ್ಚಾಗಿ ಇರುವುದೂ ಅಲ್ಲೇ. ಎರಡು ಬಗೆಯನ್ನೂ ಹೋಲಿಸಿದ ಕ್ಲಿನಿಕಲ್ ಟ್ರಯಲ್‌ಗಳಲ್ಲಿ, ಅರ್ಧ ಸಂಜೆ, ಅರ್ಧ ಬೆಳಿಗ್ಗೆ ಕುಡಿದವರ ಕರುಳೇ ಹೆಚ್ಚು ಶುಚಿಯಾಗಿತ್ತು. ಶುಚಿ ಅಳೆಯುವ ಬೋಸ್ಟನ್ ಮಾಪನದಲ್ಲಿ ದೊಡ್ಡ ಕರುಳಿನ ಮೂರು ಭಾಗಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಯಾವ ಭಾಗಕ್ಕೂ 2ಕ್ಕಿಂತ ಕಡಿಮೆ ಬರಬಾರದು. ಬಂದರೆ ಪರೀಕ್ಷೆ ಮತ್ತೆ ಮಾಡಿಸಬೇಕಾಗಬಹುದು.

ಎರಡನೇ ಅರ್ಧವನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಶುರುಮಾಡಿ, ಕನಿಷ್ಠ 2 ಗಂಟೆ ಮುಂಚೆ ಮುಗಿಸಬೇಕು. ಬೆಳಿಗ್ಗೆ 9 ಅಥವಾ 10ಕ್ಕೆ ಪರೀಕ್ಷೆಯಿದ್ದರೆ ಹಿಂದಿನ ದಿನವೇ ಮೈಸೂರಿಗೆ ಹೋಗಿ ಉಳಿಯಿರಿ, ಬೇರೆ ದಾರಿಯಿಲ್ಲ. ಮನೆಯಿಂದಲೇ ಹೊರಡುವುದಾದರೆ ಮಧ್ಯಾಹ್ನ 3ರ ಹೊತ್ತು ಕೇಳಿ: 9ಕ್ಕೆ ಶುರು, 10ಕ್ಕೆ ಮುಗಿತಾಯ, ಹೊಟ್ಟೆ ಹಗುರಾದ ಮೇಲೆ 11.30ಕ್ಕೆ ಹೊರಡುವುದು. ಆದರೂ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರಿನಲ್ಲಿ ಶೌಚಾಲಯ ಎಲ್ಲಿದೆ ಎಂದು ಮೊದಲೇ ತಿಳಿದಿರಿ. ಒಂದು ಜೊತೆ ಬಟ್ಟೆ ಗಾಡಿಯಲ್ಲಿರಲಿ.

ಪುಡಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, ತಣ್ಣಗೆ ಮಾಡಿ, 10–15 ನಿಮಿಷಕ್ಕೊಮ್ಮೆ 250 ಮಿಲಿಲೀಟರ್ ಕುಡಿಯಿರಿ. ವಾಂತಿಯಾದರೆ ಅರ್ಧ ಗಂಟೆ ಬಿಟ್ಟು, ಅರ್ಧರ್ಧ ಲೋಟದಂತೆ ಮುಂದುವರಿಸಿ. ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು, ತಳ ಕಾಣಬೇಕು. ಇನ್ನೂ ಕಂದು ಬಗ್ಗಡವಾಗಿದ್ದರೆ ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ.

ಎರಡು ಮೂರು ದಿನ ಮುಂಚಿನಿಂದಲೇ ಕಣಿಲೆ, ಅಣಬೆ, ಕೆಸುವಿನ ಸೊಪ್ಪು, ಪೇರಳೆ, ರಾಗಿ ಬಿಡಿ. ನಾರು ಮತ್ತು ಬೀಜದಿಂದ ಸ್ಕೋಪಿನ ಹೀರುವ ನಾಳ ಕಟ್ಟಿಕೊಳ್ಳುತ್ತದೆ. ಆ ನಾಳದ ಅಗಲ ನಾಲ್ಕು ಮಿಲಿಮೀಟರ್ ಆಸುಪಾಸು ಅಷ್ಟೇ. ಹಿಂದಿನ ದಿನ ಬೆಳಿಗ್ಗೆ ನೂಲ್‌ಪುಟ್ಟು ಅಥವಾ ಕಡಂಬುಟ್ಟು, ಜೊತೆಗೆ ಬೇಯಿಸಿದ ಮೊಟ್ಟೆ ಸಾಕು. ಪಂದಿಕರಿ ಪರೀಕ್ಷೆ ಮುಗಿದ ಮೇಲೆ. ಬೆಳಗಿನ ಆ ತಿಂಡಿಯ ನಂತರ ತಿಳಿಯಾದ ಪಾನೀಯ ಮಾತ್ರ. ಹಾಲು ಹಾಕದೆ ಸೋಸಿದ ಬೆಲ್ಲದ ಕಾಫಿಗೆ ಅಡ್ಡಿಯಿಲ್ಲ, ಅದೂ ಪರೀಕ್ಷೆಗೆ 2 ಗಂಟೆ ಇರುವವರೆಗೆ.

ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿ, ಅಂಟಂಟಾಗಿ ಮಾಡುತ್ತದೆ. ಒಂದು ವಾರ ಮುಂಚೆ ನಿಲ್ಲಿಸಿ. ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್, ‘ಗ್ಲಿಫ್ಲೋಜಿನ್’ ಎಂದು ಹೆಸರು ಮುಗಿಯುವ ಸಕ್ಕರೆ ಕಾಯಿಲೆ ಮಾತ್ರೆ, ಇವನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಲೂ ಬೇಡಿ, ಮುಂದುವರಿಸಲೂ ಬೇಡಿ. ವಾರ ಮುಂಚೆಯೇ ವೈದ್ಯರನ್ನು ಕೇಳಿ. ಮೂತ್ರಪಿಂಡದ ತೊಂದರೆಯಿದ್ದರೆ ಔಷಧಿ ಬರೆಯುವ ಮೊದಲೇ ಹೇಳಿ. ಕೆಲವು ಭೇದಿ ಔಷಧಿಗಳಲ್ಲಿರುವ ಸೋಡಿಯಂ ಫಾಸ್ಫೇಟ್ ಅಂಥವರಿಗೆ ಅಪಾಯ.

ಮಂಪರು ಬರಿಸುವ ಮದ್ದಿನ ಬಗ್ಗೆ: ಮಿಡಜೋಲಮ್ ಕೊಟ್ಟರೆ ಎಚ್ಚರಾದ ಮೇಲೆ ವೈದ್ಯರು ಹೇಳಿದ್ದು ನೆನಪಿರದೇ ಹೋಗಬಹುದು, ಚೆನ್ನಾಗಿ ಮಾತಾಡಿದಂತೆ ಕಂಡರೂ. ಜೊತೆಗೆ ಬಂದವರು ಕೇಳಿಸಿಕೊಂಡು ಬರೆದುಕೊಳ್ಳಲಿ, ಗಾಡಿಯನ್ನೂ ಅವರೇ ಓಡಿಸಲಿ. 24 ಗಂಟೆ ಸ್ಟಿಯರಿಂಗ್, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ, ಕೋವಿ, ಮದ್ಯ ಯಾವುದೂ ಬೇಡ. ಮಂಪರಿನ ಮದ್ದಿಲ್ಲದೆ ಮಾಡಿಸಿಕೊಳ್ಳಲು ಮನಸ್ಸಿದ್ದರೆ, ಗಾಳಿಯ ಬದಲು ನೀರು ತುಂಬುತ್ತಾ ಸ್ಕೋಪ್ ಒಳಬಿಡುವ ಕ್ರಮ ಅಲ್ಲಿದೆಯೇ ಎಂದು ವಿಚಾರಿಸಿ. ಅದರಲ್ಲಿ ನೋವು ಕಡಿಮೆ ಎಂದು ಟ್ರಯಲ್‌ಗಳು ತೋರಿಸಿವೆ.

ದೊಡ್ಡ ಗಂಟು ತೆಗೆದಿದ್ದರೆ ಎರಡು ವಾರದವರೆಗೂ ರಕ್ತ ಬರಬಹುದು. ಆ ದಿನಗಳಲ್ಲಿ ಆಸ್ಪತ್ರೆಯಿಂದ ದೂರದ ತೋಟದಲ್ಲಿ ಒಬ್ಬರೇ ಇರಬೇಡಿ. ರಕ್ತ ಗಡ್ಡೆಗಟ್ಟಿ ಬಂದರೆ, ಹೊಟ್ಟೆ ಬಿರುಸಾಗಿ ನೋವು ಏರಿದರೆ, ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಪರೀಕ್ಷೆಯ ವರದಿ ಕೈಯಲ್ಲಿರಲಿ.